ದಿನಕ್ಕೊಂದು ಬಟ್ಟಲು ಸೊಪ್ಪು

ಫೆಬ್ರವರಿ 6, ಗುರುವಾರ

ಸೊಪ್ಪು: ಇಲ್ಲ.

ಈ ಪುಸ್ತಕ ಕೊಟ್ಟವಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ನರ್ಸು. ಗುರುವಾರಕ್ಕೊಮ್ಮೆ ನನ್ನ ಬೆರಳಿಗೆ ಚುಚ್ಚಿ ಒಂದೇ ಒಂದು ಹನಿ ತೆಗೆದುಕೊಳ್ಳುತ್ತಾಳೆ. ಅದಕ್ಕೇ ಅವಳನ್ನು ಹನಿಯಮ್ಮ ಎನ್ನುತ್ತೇನೆ.

"ಅಜ್ಜಿ, ದಿನಾ ಎಷ್ಟು ಸೊಪ್ಪು ತಿಂದ್ರಿ ಅಂತ ಇದರಲ್ಲಿ ಬರೀರಿ" ಎಂದಳು.

"ನಾನು ಓದಿದ್ದು ನಾಲ್ಕನೇ ಕ್ಲಾಸು ಕಣಮ್ಮ. ಅದೂ ಮೇಷ್ಟ್ರು ಬಂದ ದಿನ ಮಾತ್ರ."

"ಒಂದು ಸಾಲು ಸಾಕು."

ಒಂದು ಸಾಲಿಗೆ ಇನ್ನೂರು ಪುಟದ ಪುಸ್ತಕವನ್ನು ಯಾರಾದರೂ ಕೊಡುತ್ತಾರೆಯೇ? ಮೊದಲ ಸಾಲು ಅವಳಿಗೆ, ಉಳಿದದ್ದು ನನಗೆ. ನನ್ನ ಇರುವೆ ಸಾಲಿನಂಥ ಅಕ್ಷರ ಓದುವಷ್ಟು ಪುರುಸೊತ್ತು ಅವಳಿಗೆಲ್ಲಿದೆ? ಹೊರಗೆ ಮೂವತ್ತು ಜನ ತೋಳು ಮಡಚಿಕೊಂಡು ಕೂತಿರುತ್ತಾರೆ.

ಹೋದ ವರ್ಷ ನನ್ನ ಎಡಗಾಲು ಕುಂಬಳಕಾಯಿಯಂತೆ ಊದಿತು. ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಅಂದಿನಿಂದ ದಿನಾ ಸಂಜೆ ರಕ್ತ ತೆಳು ಮಾಡುವ ಮಾತ್ರೆ. ಹನಿಯಮ್ಮನ ಯಂತ್ರದಲ್ಲಿ ಬರುವ ನಂಬರು ಎರಡಕ್ಕೂ ಮೂರಕ್ಕೂ ನಡುವೆ ಇರಬೇಕಂತೆ. ಎರಡರ ಕೆಳಗಿಳಿದರೆ ರಕ್ತ ಗಟ್ಟಿ, ಮೂರು ದಾಟಿದರೆ ಬಹಳ ತೆಳು. ನನ್ನ ನಂಬರು ಹಗ್ಗ ಬಿಚ್ಚಿದ ಕರುವಿನ ಹಾಗೆ. ಒಂದು ವಾರ ಒಂದೂವರೆ, ಇನ್ನೊಂದು ವಾರ ನಾಲ್ಕು.

ಮೊದಲ ದಿನವೇ ಡಾಕ್ಟರು ಹೇಳಿದ್ದರು: "ಹಸಿರು ಸೊಪ್ಪಲ್ಲಿ ಕೆ ವಿಟಮಿನ್ ಇರುತ್ತೆ. ರಕ್ತ ಹೆಪ್ಪುಗಟ್ಟಿಸೋಕೆ ಅದು ಬೇಕು. ನಿಮ್ಮ ಮಾತ್ರೆ ಅದರ ಕೈ ಕಟ್ಟಿಹಾಕುತ್ತೆ. ನೋಡ್ಕೊಂಡು ತಿನ್ನಿ." ನೋಡಿಕೊಂಡು ತಿನ್ನುವುದೇನು ಬಂತು, ಬಿಟ್ಟೇಬಿಟ್ಟೆ. ನನ್ನ ಮನೆಯವರನ್ನು ತಿಂದದ್ದು ಯಾವುದು ಎಂದು ಈ ವಯಸ್ಸಿನಲ್ಲಿ ಅದರ ಹೆಸರು ಗೊತ್ತಾಯಿತು. ಒಂದೇ ಅಕ್ಷರದ ಹೆಸರು.

(ಮಂಗಳವಾರ ಮಧ್ಯಾಹ್ನ ಒಂದು ಕಟ್ಟು ಪಾಲಕ್ ಪೂರ್ತಿ ಬೇಯಿಸಿಕೊಂಡು ತಿಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ನಾಲಿಗೆ ಕೇಳಲಿಲ್ಲ. ಅದು ಹನಿಯಮ್ಮನಿಗೆ ಬೇಡ.)

ಫೆಬ್ರವರಿ 9, ಭಾನುವಾರ

ಸೊಪ್ಪು: ಇಲ್ಲ.

ನಮ್ಮದು ಮೂರನೇ ಮಹಡಿ. ನೆಲದ ಮಟ್ಟದಲ್ಲಿ ಲಾಂಡ್ರಿ. ಹಗಲಿಡೀ ಅದರ ಆವಿ ಗೋಡೆ ಹಿಡಿದು ಹತ್ತಿ ಬಂದು ನನ್ನ ಕಿಟಕಿಯಲ್ಲಿ ನಿಲ್ಲುತ್ತದೆ. ಸೋಪು, ಗಂಜಿ, ಕಾದ ಬಟ್ಟೆ, ಮೂರೂ ಕಲೆತ ವಾಸನೆ. ಊಟವಾದ ಮೇಲೆ ಮಂಚದಲ್ಲಿ ಒರಗಿದರೆ ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುವುದಿಲ್ಲ. ಕೋಣೆ ಮೆಲ್ಲಗೆ ತೇಲುತ್ತದೆ.

ಮೊಮ್ಮಗಳು ಚೂಟಿಗೆ ಈಗ ದಿನ ತುಂಬಿದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ನನ್ನ ಮೂಗಿನ ಮೇಲಿರುವುದೂ ಅವಳ ಕೈಯದೇ. ಅವಳ ಗಂಡ ಲಿಫ್ಟ್ ರಿಪೇರಿಯವನು. ಕಂಡವರ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸುತ್ತಾನೆ, ಇವನ ಹೆಂಡತಿ ಹೊಟ್ಟೆ ಹೊತ್ತುಕೊಂಡು ಅರವತ್ತೆರಡು ಮೆಟ್ಟಿಲು ಹತ್ತುತ್ತಾಳೆ. ಉದ್ದಕ್ಕೆ ಬೆಳೆದವನಾದ್ದರಿಂದ ನಾನು ಏಣಿ ಎನ್ನುತ್ತೇನೆ.

"ಏಣಿ ಇರೋ ಮನೆಗೆ ಲಿಫ್ಟ್ ಯಾಕಜ್ಜಿ?" ಎನ್ನುತ್ತಾನೆ. ಬುದ್ಧಿ ಅಷ್ಟಕ್ಕಷ್ಟೆ, ಮನಸ್ಸು ಚಿನ್ನ.

ಇಂದು ಮಧ್ಯಾಹ್ನದ ಕನಸಿನಲ್ಲಿ ಲಾಂಡ್ರಿಯ ಗಂಜಿ ತೊಟ್ಟಿ ಹೊಳೆಯಷ್ಟು ಅಗಲವಾಗಿತ್ತು. ನಮ್ಮ ಯಜಮಾನರು ಮೊಣಕಾಲುದ್ದ ಇಳಿದು ದಾಟುತ್ತಿದ್ದರು. ಗಂಜಿ ಆರುತ್ತಾ ಬಂತು. ಅವರ ಹೆಜ್ಜೆ ನಿಧಾನವಾಯಿತು. ನಡುಹೊಳೆಯಲ್ಲಿ ನಿಂತುಬಿಟ್ಟರು. ಆಚೆ ದಡದಲ್ಲಿ ನನ್ನ ಮಗಳು ಕೂದಲು ಬಾಚಿಕೊಳ್ಳುತ್ತಾ ಕೂತಿದ್ದಳು, ಇವರ ಕಡೆ ನೋಡಲೇ ಇಲ್ಲ.

ಯಜಮಾನರು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೋದರು, ಎದೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಮಗಳು ಹೋದದ್ದು ಅದಕ್ಕೂ ಮೊದಲು. ಚೂಟಿ ಹುಟ್ಟಿ ಹನ್ನೆರಡನೇ ದಿನ ನೀರು ಕುಡಿಯಲು ಎದ್ದಳು, ಬಿದ್ದಳು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಯಿತು ಎಂದರು. ಚೂಟಿಗೆ ಮಾತ್ರ ಜ್ವರ ಬಂದು ಹೋದಳು ಎಂದೇ ಹೇಳಿ ಬೆಳೆಸಿದೆ. ತಾನು ಹುಟ್ಟಿದ್ದರಿಂದ ತಾಯಿ ಸತ್ತಳು ಎಂಬುದನ್ನು ಒಂದು ಮಗುವಿನ ತಲೆಯ ಮೇಲೆ ಯಾಕೆ ಹೊರಿಸಬೇಕು?

ಫೆಬ್ರವರಿ 11, ಮಂಗಳವಾರ

ಸೊಪ್ಪಿನ ಯೋಚನೆ ಯಾರಿಗಿದೆ!

ಹೆಣ್ಣುಮಗು. ಹುಟ್ಟಿದ್ದು ಲಾಂಡ್ರಿ ವ್ಯಾನಿನಲ್ಲಿ.

ಹನ್ನೊಂದು ಗಂಟೆಗೆ ಚೂಟಿ "ಅಜ್ಜಿ, ಸೊಂಟ ಹಿಡ್ಕೊಂಡಿದೆ" ಎಂದಳು. ಹನ್ನೊಂದೂಕಾಲಿಗೆ ಗೋಡೆ ಹಿಡಿದಳು. ಏಣಿ ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಗೆ ಇಳಿದಿದ್ದ, ಫೋನು ಸಿಗಲಿಲ್ಲ. ಅರವತ್ತೆರಡು ಮೆಟ್ಟಿಲು ಇಳಿಸಿದಾಗ ಬಾಗಿಲಲ್ಲಿ ಇಸ್ತ್ರಿಯವನ ವ್ಯಾನು ಹೊರಡುತ್ತಿತ್ತು.

"ಅಜ್ಜಿ, ಇದು ಹೋಟೆಲಿನ ಬಟ್ಟೆ! ಈಗ ತಾನೇ ಇಸ್ತ್ರಿ ಆಗಿದೆ!"

"ಮಡಚಿ ಬಾಯಿಗೆ ತುರುಕ್ಕೊಳ್ಳೋ ಅದನ್ನ. ಗಾಡಿ ಓಡಿಸು!"

ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಮಗು ನನ್ನ ಕೈಯಲ್ಲಿತ್ತು. ಬಿಸಿಬಿಸಿ ಬಿಳಿ ಹಾಸುಗಳ ರಾಶಿ, ಅದರ ನಡುವೆ ಚೂಟಿ, ನನ್ನ ಎರಡು ಅಂಗೈ ಕೂಡಿಸಿದರೆ ತುಂಬುವಷ್ಟು ಒಂದು ಜೀವ. ಅತ್ತಿತು. ಇಸ್ತ್ರಿಯವನೂ ಅತ್ತ. ಮಗುವನ್ನು ಬೊಗಸೆ ಎಂದು ಕರೆದೆ. ಮುಂದೆ ಬೇರೆ ಹೆಸರು ಇಡುತ್ತಾರೋ ಏನೋ, ನನಗೆ ಅದು ಬೊಗಸೆಯೇ.

ಕೆಳಗಡೆ ತುರ್ತು ಕೋಣೆಯವರು ಬಳ್ಳಿ ಕತ್ತರಿಸಿ, ತೂಗಿ, ಮೇಲಿನ ವಾರ್ಡಿಗೆ ಕಳಿಸಿದರು. ಚೂಟಿ ಹಾಸಿಗೆಗೆ ಬಿದ್ದವಳೇ ನಿದ್ದೆ ಹೋದಳು. ಆಗ ಒಬ್ಬ ನರ್ಸು ತಟ್ಟೆ ಹಿಡಿದು ಬಂದಳು. ಅವಳ ಕೊರಳಿಗೆ ನೇತು ಹಾಕಿದ ಗಡಿಯಾರ ತಿರುಗಿಕೊಂಡಿತ್ತು, ಅಷ್ಟು ಅವಸರ.

"ಈ ಮಗುವಿಗೆ ಹುಟ್ಟಿದ ತಕ್ಷಣದ ಸೂಜಿ ಕೆಳಗಡೆ ಹಾಕಿದ್ರಾ?"

"ಯಾವ ಸೂಜಿ?"

"ಕೆ ವಿಟಮಿನ್ನು. ರಕ್ತ ಹೆಪ್ಪುಗಟ್ಟೋಕೆ ಬೇಕು."

ಕೆ. ಅದೇ ಅಕ್ಷರ. ಮಗುವಿನ ತೊಡೆ ನನ್ನ ಹೆಬ್ಬೆರಳಷ್ಟು ದಪ್ಪವಿಲ್ಲ. ಯಜಮಾನರು ಗಂಜಿಯಲ್ಲಿ ನಿಂತಿದ್ದು ಕಣ್ಣ ಮುಂದೆ ಬಂತು. ಈ ವಂಶದಲ್ಲಿ ರಕ್ತ ಮೊದಲೇ ಗಟ್ಟಿ, ನನ್ನ ಕಡೆಯೂ ಗಟ್ಟಿ, ಅವರ ಕಡೆಯೂ ಗಟ್ಟಿ. ಅದರ ಮೇಲೆ ಇದನ್ನೂ ಸುರಿಯುತ್ತಾರಂತೆ, ಹುಟ್ಟಿ ಒಂದು ಗಂಟೆಯಾಗದ ಮಗುವಿಗೆ!

"ಆಯ್ತಮ್ಮ. ಕೆಳಗೇ ಹಾಕಿದ್ರು. ನಾನೇ ಹಿಡ್ಕೊಂಡಿದ್ದೆ" ಎಂದೆ.

ಅವಳು ಕಾರ್ಡಿನಲ್ಲಿ ಗುರುತು ಹಾಕಿ ಮುಂದಿನ ಹಾಸಿಗೆಗೆ ಹೋದಳು. ಇಷ್ಟು ಸುಲಭ. ಮಗಳನ್ನು ಉಳಿಸಿಕೊಳ್ಳಲು ಗೊತ್ತಾಗಲಿಲ್ಲ. ಮರಿಮಗಳನ್ನು ಒಂದು ಮಾತಿನಲ್ಲಿ ಉಳಿಸಿಕೊಂಡೆ.

ಫೆಬ್ರವರಿ 15, ಶನಿವಾರ

ಸೊಪ್ಪು: ಇಲ್ಲ.

ಮನೆಗೆ ಬಂದೆವು. ಏಣಿ ಮಗುವನ್ನು ಎತ್ತಿಕೊಂಡರೆ ಅದು ಎರಡನೇ ಮಹಡಿಗೆ ಹೋದಂತೆ ಕಾಣುತ್ತದೆ. "ಕೆಳಗಿಳಿಸೋ, ಅಲ್ಲಿ ಗಾಳಿ ಜಾಸ್ತಿ" ಎಂದೆ.

ಬೊಗಸೆ ನಿದ್ದೆಯಲ್ಲಿ ನಗುತ್ತದೆ. ಆವಿ ಬಂದು ಅದರ ಮುಖದ ಮೇಲೆ ಹಾದುಹೋಗುತ್ತದೆ. ಅದು ಯಾರನ್ನು ನೋಡಿ ನಗುತ್ತಿದೆಯೋ ಅವರನ್ನು ನಾನೂ ಬಲ್ಲೆ ಎನಿಸುತ್ತದೆ.

ಫೆಬ್ರವರಿ 23, ಭಾನುವಾರ

ಸೊಪ್ಪು: ಇಲ್ಲ.

ಹನ್ನೆರಡನೇ ದಿನ.

ಬೆಳಗಿನಿಂದ ಚೂಟಿಯನ್ನು ಏಳಗೊಡಲಿಲ್ಲ. ನೀರು ಬೇಕೆಂದರೆ ನೀರು, ಬಟ್ಟೆ ಬೇಕೆಂದರೆ ಬಟ್ಟೆ. ಮಧ್ಯಾಹ್ನ ಅವಳ ಮೀನಖಂಡ ಒತ್ತಿ ಒತ್ತಿ ನೋಡಿದೆ.

"ಏನಜ್ಜಿ ಹುಡುಕ್ತಿದ್ದೀಯಾ ನನ್ನ ಕಾಲಲ್ಲಿ?"

"ಒಂದು ಉಂಗುರ ಕಳೆದಿದೆ."

"ನನ್ನ ಕಾಲೊಳಗಾ?" ನಕ್ಕಳು. ಅವಳು ನಕ್ಕಾಗ ಅವಳ ತಾಯಿಯ ಹಲ್ಲು ಕಾಣುತ್ತದೆ, ಮುಂದಿನದೊಂದು ಸ್ವಲ್ಪ ಓರೆ.

ಸಂಜೆ ಅವಳು ತಾನೇ ಎದ್ದು, ನಡೆದು ಹೋಗಿ, ನೀರು ಕುಡಿದು ಬಂದಳು. ನಾನು ಬಾಗಿಲಲ್ಲಿ ನಿಂತು ಅವಳ ಗಂಟಲು ಮೂರು ಸಲ ಮೇಲೆ ಕೆಳಗೆ ಆಡುವುದನ್ನು ನೋಡಿದೆ. ಲೋಟ ಕೆಳಗಿಟ್ಟಳು. ನಿಂತೇ ಇದ್ದಳು.

ದಿನ ದಾಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಆ ಸೂಜಿ ತಪ್ಪಿಸಿದ್ದು ಎಷ್ಟು ಒಳ್ಳೆಯದಾಯಿತು.

ಮಾರ್ಚ್ 6, ಗುರುವಾರ

ಸೊಪ್ಪು: ಇಲ್ಲ.

ನಂಬರು ನಾಲ್ಕು ಪಾಯಿಂಟ್ ಮೂರು. ನಿಜಕ್ಕೂ ಮೂರು ವಾರದಿಂದ ಒಂದು ಎಲೆ ಮುಟ್ಟಿಲ್ಲ. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಮುಂಗೈ ಮೇಲೆ ನೀಲಿ ಕಲೆ ಎದ್ದಿದೆ, ಎಲ್ಲಿಯೂ ತಗುಲಿದ ನೆನಪಿಲ್ಲ. ಹನಿಯಮ್ಮ ಮೂರು ದಿನ ಮಾತ್ರೆ ನಿಲ್ಲಿಸಿದ್ದಾಳೆ. "ತಗುಲದೇ ಬರೋ ನೀಲಿ ಕಲೆ ಕಂಡ್ರೆ ಗುರುವಾರದವರೆಗೆ ಕಾಯ್ಬೇಡಿ, ತಕ್ಷಣ ಬನ್ನಿ. ಅದು ರಕ್ತ ಬಾಗಿಲು ತಟ್ಟೋ ಸದ್ದು" ಎಂದಳು.

ಕಲೆಯನ್ನು ನೋಡುತ್ತಾ ಕೂತೆ. ಬೆಳಗ್ಗೆ ಮೋಡದ ಹಾಗಿತ್ತು, ಸಂಜೆಗೆ ಕೆರೆಯ ಹಾಗೆ.

ಮಾರ್ಚ್ 13, ಗುರುವಾರ

ಸೊಪ್ಪು: ಸೋಮವಾರ ಎರಡು ಕಟ್ಟು. ಇದು ನಿಜ.

ಇಂದು ನಂಬರು ಒಂದು ಪಾಯಿಂಟ್ ನಾಲ್ಕು. ಹನಿಯಮ್ಮ ಪುಸ್ತಕದ ಮೊದಲ ಸಾಲುಗಳ ಮೇಲೆ ಬೆರಳಾಡಿಸಿದಳು.

"ಐದು ವಾರದಿಂದ ಬರೀ ಇಲ್ಲ, ಇಲ್ಲ, ಇಲ್ಲ. ನಿಮ್ಮ ಹನಿ ಬೇರೆ ಹೇಳ್ತಿದೆ. ಯಾರಜ್ಜಿ ಸುಳ್ಳು ಹೇಳ್ತಿರೋದು?"

"ನಿನ್ನ ಯಂತ್ರ."

"ಯಂತ್ರಕ್ಕೆ ಬಾಯಿಚಪಲ ಇಲ್ಲ."

ನಗು ಬಂದುಬಿಟ್ಟಿತು. ಹೇಳಿಬಿಟ್ಟೆ, ಪಾಲಕ್ಕು, ಎಲೆಕೋಸು, ಎಲ್ಲ. ಬೈಯುತ್ತಾಳೆ ಎಂದುಕೊಂಡರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಪೂರ್ತಿ ಬಿಟ್ರೆ ನಂಬರು ಹಾರುತ್ತೆ, ಒಂದೇ ದಿನ ಕಟ್ಟುಗಟ್ಟಲೆ ತಿಂದ್ರೆ ಬೀಳುತ್ತೆ. ದಿನಾ ಒಂದು ಸಣ್ಣ ಬಟ್ಟಲು ತಿನ್ನಿ, ಅದೇ ಬಟ್ಟಲು, ಅದೇ ಅಳತೆ. ಅದಕ್ಕೆ ಸರಿಯಾಗಿ ಮಾತ್ರೆ ನಾವು ಹೊಂದಿಸ್ತೀವಿ. ಕೆ ಅಂದ್ರೆ ನಿಮಗ್ಯಾಕಜ್ಜಿ ಅಷ್ಟು ದ್ವೇಷ? ಅದಿಲ್ಲದೇ ಹೋದ್ರೆ ಈಗ ನಾನು ಚುಚ್ಚಿದ ತೂತೂ ಮುಚ್ಚಲ್ಲ. ಮೂಳೆಗೂ ಬೇಕು."

"ಎಲ್ರಿಗೂ ಬೇಕಾ?"

"ಎಲ್ರಿಗೂ."

"ಈಗ ತಾನೇ ಹುಟ್ಟಿದವರಿಗೂ?"

"ಅವರಿಗೇ ಮೊದಲು ಬೇಕು. ತಾಯಿ ಹೊಟ್ಟೆಯಿಂದ ಅದು ಮಗುವಿಗೆ ದಾಟೋದು ಸ್ವಲ್ಪವೇ ಸ್ವಲ್ಪ. ಎದೆಹಾಲಲ್ಲೂ ಸಾಕಾಗೋಷ್ಟು ಇರಲ್ಲ. ಅದಕ್ಕೇ ಹುಟ್ಟಿದ ಕೂಡ್ಲೇ ತೊಡೆಗೊಂದು ಸೂಜಿ."

"ಹಾಕದಿದ್ರೆ?"

ಅವಳು ಯಂತ್ರ ಒರೆಸುತ್ತಿದ್ದಳು. "ತುಂಬಾ ಮಕ್ಕಳಿಗೆ ಏನೂ ಆಗಲ್ಲ. ಯಾವುದೋ ಒಂದಕ್ಕೆ ಮೂರು ತಿಂಗಳೊಳಗೆ ಎಲ್ಲಿಂದಾದ್ರೂ ರಕ್ತ ಶುರುವಾಗುತ್ತೆ. ಮೂಗಲ್ಲಿ, ಚರ್ಮದ ಕೆಳಗೆ ಕಂಡ್ರೆ ಪುಣ್ಯ. ಮೊದಲೇ ತಲೆಯೊಳಗಾದ್ರೆ..." ಮತ್ತೆ ಒರೆಸತೊಡಗಿದಳು. "ಯಾಕಜ್ಜಿ, ನಿಮ್ಮ ಮರಿಮಗಳಿಗೆ ಆಗಿದೆ ತಾನೇ?"

"ಆಗಿದೆ. ಕಾರ್ಡಲ್ಲಿ ಗುರುತಿದೆ."

ಹೇಳಿದ್ದು ನನ್ನ ಬಾಯಿ. ನಾನು ಪಕ್ಕದಲ್ಲೆಲ್ಲೋ ನಿಂತು ಕೇಳಿಸಿಕೊಂಡೆ.

ಮಾರ್ಚ್ 14, ಶುಕ್ರವಾರ

ಸೊಪ್ಪು: ಒಂದು ಬಟ್ಟಲು.

ತುಂಬಾ ಮಕ್ಕಳಿಗೆ ಏನೂ ಆಗುವುದಿಲ್ಲವಂತೆ. ಅವಳೇ ಹೇಳಿದಳು.

ಚೂಟಿಗೆ ಸಂಜೆ ಹೇಳೋಣವೆಂದುಕೊಂಡೆ. ಸಂಜೆ ಅವಳು "ಅಜ್ಜಿ, ನೀನಿಲ್ದಿದ್ರೆ ವ್ಯಾನಲ್ಲಿ ನಾನು ಸತ್ತೇಹೋಗ್ತಿದ್ದೆ" ಎಂದು ನನ್ನ ಭುಜಕ್ಕೆ ತಲೆ ಒರಗಿಸಿದಳು.

ನಾಳೆ.

ಮಾರ್ಚ್ 15, ಶನಿವಾರ

ಸೊಪ್ಪು: ಒಂದು ಬಟ್ಟಲು. ರುಚಿ ಗೊತ್ತಾಗಲಿಲ್ಲ.

ಮಧ್ಯಾಹ್ನದ ಕನಸಿನಲ್ಲಿ ಮಗಳು ಆವಿಯ ಆಚೆ ಕೂತಿದ್ದಳು. ಬಾಚಣಿಗೆ ಇರಲಿಲ್ಲ. ಈ ಸಲ ಹೊಳೆ ಗಟ್ಟಿಯಾಗಿರಲಿಲ್ಲ. ನೀರು ನೀರಾಗಿ ಓಡುತ್ತಿತ್ತು, ಎಷ್ಟು ತೆಳು ಎಂದರೆ ಕೈಯಲ್ಲಿ ನಿಲ್ಲದಷ್ಟು. ನಾನು ಬೊಗಸೆ ಒಡ್ಡಿದೆ. ಬೆರಳ ಸಂದಿಯಿಂದೆಲ್ಲ ಸೋರಿತು. ಹಿಡಿದಷ್ಟೂ ಸೋರಿತು.

ನಾಳೆ ಖಂಡಿತ.

ಮಾರ್ಚ್ 17, ಸೋಮವಾರ

ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪುಸ್ತಕ ಚೀಲದಲ್ಲೇ ಇತ್ತು.

ನಿನ್ನೆ ಬೆಳಗ್ಗೆ ಚೂಟಿ ಮಗುವಿನ ಮೈ ಒರೆಸಲು ಅಂಗಿ ಬಿಚ್ಚಿದಳು. ಕಿಟಕಿಯಲ್ಲಿ ಬಿಸಿಲೂ ಆವಿಯೂ ಒಟ್ಟಿಗೆ ಇದ್ದವು. ಬೊಗಸೆಯ ಬಲಪಕ್ಕೆಯಲ್ಲಿ ಒಂದು ನೀಲಿ ಕಲೆ. ಚೂಟಿ ಅದನ್ನು ನೆರಳು ಎಂದುಕೊಂಡು ಒರೆಸಿದಳು. ಹೋಗಲಿಲ್ಲ.

"ಅಜ್ಜಿ, ಏನಿದು? ಶಾಯಿನಾ?"

ನಾನು ತೋಳು ಮೇಲೆಳೆದು ನನ್ನ ಮುಂಗೈಯನ್ನು ಅದರ ಪಕ್ಕ ಹಿಡಿದೆ. ಹಳೆಯ ಕಲೆ ಹಳದಿಗೆ ತಿರುಗಿತ್ತು, ಅಂಚಿನ ನೀಲಿ ಮಾತ್ರ ಇನ್ನೂ ಇತ್ತು. ಅದೇ ನೀಲಿ. ಎಪ್ಪತ್ತಮೂರು ವರ್ಷದ ಚರ್ಮದಲ್ಲೂ ಮೂವತ್ತಮೂರು ದಿನದ ಚರ್ಮದಲ್ಲೂ ಒಂದೇ ಬಣ್ಣ. ನೋಡುತ್ತಿದ್ದಂತೆ ಮಗು ಸೀನಿತು. ಬಿಳಿ ಹಾಸಿನ ಮೇಲೆ ಎರಡು ಹನಿ.

"ಹೊರಡು" ಎಂದೆ. "ಕಾರ್ಡು ತಗೋ. ಹೊರಡು."

"ಮೂಗಿಗೆ ಉಗುರು ತಾಗಿಸ್ಕೊಂಡಿರುತ್ತೆ ಅಜ್ಜಿ, ಯಾಕಿಷ್ಟು..."

"ಚೂಟಿ, ನಡಿ!"

ನನ್ನ ದನಿ ಕೇಳಿ ಏಣಿ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿದ. ಅದೇ ವ್ಯಾನು. ಇಸ್ತ್ರಿಯವನು ಈ ಸಲ ಹೋಟೆಲಿನ ಬಟ್ಟೆಯ ಮಾತೆತ್ತಲಿಲ್ಲ. ದಾರಿಯುದ್ದಕ್ಕೂ ಮೂಗಿನಿಂದ ತೆಳ್ಳಗೆ ಒಸರುತ್ತಲೇ ಇತ್ತು. ನಾನು ಒರೆಸುತ್ತಲೇ ಇದ್ದೆ. ಮಗು ಅಳುತ್ತಿರಲಿಲ್ಲ, ತೂಕಡಿಸುತ್ತಿತ್ತು. ಅದೇ ಹೆದರಿಕೆ.

ಮಕ್ಕಳ ಡಾಕ್ಟರು ಗಿಡ್ಡಗಿನ ಹೆಂಗಸು. ಕಲೆ ನೋಡಿದಳು, ಕಾರ್ಡು ನೋಡಿದಳು.

"ಹುಟ್ಟಿದಾಗ ಕೆ ವಿಟಮಿನ್ ಆಗಿದೆ. ಹಾಗಿದ್ರೆ ಅದಲ್ಲ." ಕಾರ್ಡು ಮಡಚಿದಳು. ಏಣಿಯ ದೊಡ್ಡ ಕೈಗಳ ಮೇಲೆ ಅವಳ ಕಣ್ಣು ನಿಂತಿತು. "ಮಗುವನ್ನ ಯಾರಾದ್ರೂ ಬಿಗಿಯಾಗಿ ಹಿಡ್ಕೊಂಡಿದ್ರಾ? ಬಿದ್ದಿತ್ತಾ? ನಿಜ ಹೇಳಿ."

ಏಣಿ ತನ್ನ ಕೈಗಳನ್ನು ತಾನೇ ನೋಡಿಕೊಂಡ. ಮೂರು ಟನ್ನಿನ ಲಿಫ್ಟು ನಿಲ್ಲಿಸುವ ಕೈ. ಆ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನಾನು... ಮೆತ್ತಗೇ ಎತ್ಕೊಳ್ತೀನಿ ಮೇಡಂ" ಎಂದ.

ನಾನು ಬಾಯಿ ತೆರೆದೆ.

"ಆ ಗುರುತು ಸುಳ್ಳು" ಎಂದೆ. "ಸೂಜಿ ಹಾಕಿಲ್ಲ. ಕೆಳಗೂ ಹಾಕಿಲ್ಲ, ಮೇಲೂ ಹಾಕಿಲ್ಲ. ಹಾಕಿದ್ದಾರೆ ಅಂತ ನಾನೇ ಸುಳ್ಳು ಹೇಳ್ದೆ. ನಮ್ಮ ಮನೇಲಿ ರಕ್ತ ಗಟ್ಟಿಯಾಗಿ ಮೂರು ಜನಕ್ಕೆ ಹೊಡೆತ ಬಿತ್ತು. ಇವಳ ತಾಯೀನೂ ಹಾಗೇ ಹೋದ್ಲು. ಇದಕ್ಕೂ ಹಾಗೇ ಆಗುತ್ತೆ ಅಂತ... ನೀವು ಹಾಕಿ ತಾಯಿ, ಮೊದಲು ಹಾಕಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನಿ."

ಡಾಕ್ಟರಿಗೆ ಬೈಯಲು ಪುರುಸೊತ್ತಿರಲಿಲ್ಲ. ಒಂದೇ ಉಸಿರಿಗೆ ನಾಲ್ಕು ಜನರನ್ನು ಕರೆದಳು. ಬೊಗಸೆಯನ್ನು ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಅತ್ತಿತ್ತ ಆಡಿ ನಿಂತಿತು.

ಚೂಟಿ ನನ್ನ ಕಡೆ ತಿರುಗಿದಳು. ಕನ್ನಡಕದ ಗಾಜಿನಲ್ಲಿ ಎಲ್ಲಿ ಗೀರು ಬಿದ್ದಿದೆ ಎಂದು ನೋಡುವಾಗ ಅವಳು ಹಾಗೆಯೇ ನೋಡುವುದು.

"ಅಮ್ಮನಿಗೆ ಜ್ವರ ಅಂದಿದ್ದೆ" ಎಂದಳು.

ಅಷ್ಟೇ. ನಂತರ ಬೆಂಚಿನ ಆಚೆ ತುದಿಗೆ ಹೋಗಿ ಕೂತಳು. ನಡುವೆ ಏಣಿ.

ಸೂಜಿ ಹಾಕಿ ಕೆಲವು ಗಂಟೆಗೆ ರಕ್ತ ನಿಂತಿತು. ನೆತ್ತಿಯ ಮೆತ್ತನೆ ಜಾಗದ ಮೇಲೆ ಪುಟ್ಟ ಯಂತ್ರ ಇಟ್ಟು ತಲೆಯೊಳಗೆ ನೋಡಿದರು. ಒಳಗೆ ಏನೂ ಆಗಿಲ್ಲ. ಡಾಕ್ಟರು ಹೊರಗೆ ಬಂದು ಹೇಳಿದಾಗ ಏಣಿ ಗೋಡೆಗೆ ಒರಗಿ ಹಾಗೇ ಕೆಳಗಿಳಿದು ನೆಲದ ಮೇಲೆ ಕೂತ. ಅಷ್ಟುದ್ದ ಮನುಷ್ಯ ಅಷ್ಟು ಗಿಡ್ಡವಾದದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರು ನನ್ನ ಮುಂದೆ ನಿಂತಳು. "ಇನ್ನೊಂದು ದಿನ ಸುಮ್ಮನಿದ್ದಿದ್ರೆ ಏನಾಗ್ತಿತ್ತೋ ನಂಗೊತ್ತಿಲ್ಲ ಅಜ್ಜಿ" ಎಂದಳು. "ಹೆಪ್ಪುಗಟ್ಟೋ ತೊಂದರೆ ಬೇರೆ, ಇದು ಬೇರೆ. ಈ ಸೂಜಿಯಿಂದ ಅದು ಬರಲ್ಲ. ನಿಮ್ಮ ಮೊಮ್ಮಗಳ ತಾಯಿ ವಿಷಯ ಅವಳ ಹೆರಿಗೆ ಡಾಕ್ಟರಿಗೆ ಮೊದಲೇ ಹೇಳ್ಬೇಕಿತ್ತು. ಅವಳನ್ನ ಇನ್ನೂ ಜೋಪಾನವಾಗಿ ನೋಡ್ಕೊಳ್ತಿದ್ರು" ಎಂದಳು.

ಅದೂ ನಾನೇ. ಬಚ್ಚಿಟ್ಟದ್ದೆಲ್ಲ ನಾನೇ.

ಇಂದು ಕಾರ್ಡಿನಲ್ಲಿ ಹಳೆಯ ಗುರುತಿನ ಮೇಲೆ ಗೆರೆ ಎಳೆದು ಹೊಸ ದಿನಾಂಕ ಬರೆದರು. ಪಕ್ಕದಲ್ಲಿ ನನ್ನ ಸಹಿ ಕೇಳಿದರು. ಮಾಡಿದೆ. ಅಕ್ಷರ ಕೂರಲಿಲ್ಲ, ಗೆರೆಯಿಂದ ಜಾರಿತು.

ಮಾರ್ಚ್ 20, ಗುರುವಾರ

ಸೊಪ್ಪು: ಒಂದು ಬಟ್ಟಲು. ಸೋಮವಾರ, ಮಂಗಳವಾರ ಇಲ್ಲ. ನಿನ್ನೆ ಅರ್ಧ ಬಟ್ಟಲು.

ನಂಬರು ಒಂದು ಪಾಯಿಂಟ್ ಒಂಬತ್ತು. ಹನಿಯಮ್ಮನಿಗೆ ಎಲ್ಲ ಹೇಳಿದೆ. ಹೊರಗೆ ಮೂವತ್ತು ಜನ ಕಾದರು, ಕಾಯಲಿ. ಅವಳು ಹತ್ತಿ ಒತ್ತಿದ ನನ್ನ ಬೆರಳನ್ನು ಬಿಡಲಿಲ್ಲ. "ನಾನು ಅವತ್ತೇ ನಿಮ್ಮ ಮುಖ ನೋಡ್ಬೇಕಿತ್ತು. ಯಂತ್ರ ಒರೆಸ್ತಾ ಕೂತಿದ್ದೆ" ಎಂದಳು. ನಿನ್ನದೇನು ತಪ್ಪು, ಮಗಳೇ ಎಂದೆ.

ಮಗು ಮನೆಗೆ ಬಂದಿದೆ. ಚೂಟಿ ಅದನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಾಳೆ. ನಾನು ಬಾಗಿಲ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಮುಂದಿನ ವಾರ ಅವಳು ಅಂಗಡಿಗೆ ಹೋಗಬೇಕು, ಅರ್ಧ ದಿನ. ಮಗುವನ್ನು ನೋಡಿಕೊಳ್ಳಲು ಹೆಂಗಸೊಬ್ಬಳನ್ನು ಹುಡುಕುತ್ತಿದ್ದಾಳೆಂದು ಏಣಿ ಹೇಳಿದ. ಹೇಳಿ ನೆಲ ನೋಡಿದ.

ಸರಿಯೇ. ನಾನಾಗಿದ್ದರೂ ಹುಡುಕುತ್ತಿದ್ದೆ.

ಊಟಕ್ಕೆ ಕೂತಾಗ ನನ್ನ ಮುಂದೆ ಒಂದು ಬಟ್ಟಲು ಸೊಪ್ಪು 'ಟಕ್' ಎಂದು ಬಂತು. ಇಟ್ಟವಳು ಚೂಟಿ. ಮುಖ ಬೇರೆ ಕಡೆ. ಸಣ್ಣ ಬಟ್ಟಲೇ, ಹೂವಿನದು. ಅಂಚಿನವರೆಗೆ ತುಂಬಿ ಚಮಚದಿಂದ ಸಮ ಮಾಡಿದ್ದಳು.

ಮಾರ್ಚ್ 23, ಭಾನುವಾರ

ಸೊಪ್ಪು: ಒಂದು ಬಟ್ಟಲು.

ಇಂದು ಮಧ್ಯಾಹ್ನ ಲಾಂಡ್ರಿ ಮುಚ್ಚಿತ್ತು. ಆವಿಯಿಲ್ಲದ ಕಿಟಕಿಯಿಂದ ಎದುರು ಮನೆಯಲ್ಲಿ ನೇತುಹಾಕಿದ ಕೊಡೆಯೂ ಕಾಣುತ್ತದೆ. ಚೂಟಿ ಬಂದು ನನ್ನ ಮಂಚದ ತುದಿಯಲ್ಲಿ ಕೂತಳು, ಬೆನ್ನು ನನ್ನ ಕಡೆಗೆ.

"ಹೇಳು" ಎಂದಳು.

ಹೇಳಿದೆ. ಹನ್ನೆರಡನೇ ದಿನ. ನೀರು. ಲೋಟ ಉರುಳಿ ಮಂಚದ ಕೆಳಗೆ ಹೋದದ್ದು. ಆಗ ನೀನು ನನ್ನ ತೊಡೆಯ ಮೇಲಿದ್ದೆ, ನಿನ್ನನ್ನು ಕೆಳಗಿಡಲು ಜಾಗ ಹುಡುಕಿದೆ, ಅಷ್ಟರಲ್ಲಿ ಮುಗಿದಿತ್ತು. ಇಪ್ಪತ್ತೊಂಬತ್ತು ವರ್ಷ ಬಾಯಿಯೊಳಗೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂದಾಗ ಎಷ್ಟು ಚಿಕ್ಕದಾಗಿತ್ತು.

"ಅದಕ್ಕಾ ನನ್ನ ಕಾಲು ಒತ್ತಿ ಒತ್ತಿ ನೋಡಿದ್ದು?"

"ಹ್ಞೂಂ."

"ಉಂಗುರ ಅಂದೆ."

"ಹ್ಞೂಂ."

ಅವಳ ಬೆನ್ನು ಸ್ವಲ್ಪ ಹೊತ್ತು ಅಲುಗಿತು. ಅಳುವೋ ನಗುವೋ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಹಿಂದಿನ ದಿನಗಳಾಗಿದ್ದರೆ ಏನಾದರೂ ಅಂದಿರುತ್ತಿದ್ದೆ.

ಮಾರ್ಚ್ 27, ಗುರುವಾರ

ಸೊಪ್ಪು: ಒಂದು ಬಟ್ಟಲು.

ಬೆಳಗ್ಗೆ ಎಂಟಕ್ಕೇ ಹನಿಯಮ್ಮನ ಹತ್ತಿರ ಹೋಗಿ ಬಂದೆ. ಎರಡು ಪಾಯಿಂಟ್ ಮೂರು. ಪುಸ್ತಕ ಇನ್ನು ಬೇಡ ಅಜ್ಜಿ ಎಂದಳು. ಇರಲಿ ಬಿಡು ಎಂದೆ.

ಮನೆಗೆ ಬಂದಾಗ ಚೂಟಿ ಕೆಲಸದ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತಿದ್ದಳು, ತೋಳಲ್ಲಿ ಬೊಗಸೆ. ನೋಡಿಕೊಳ್ಳುವ ಹೆಂಗಸು ಕಾಣಲಿಲ್ಲ. ನಾನು ಚಪ್ಪಲಿ ಬಿಟ್ಟು, ಕೈ ತೊಳೆದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತೆ.

"ಕೂತ್ಕೋ" ಎಂದಳು. ಕೂತೆ. ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. "ಕಾರ್ಡು ಮೇಲಿನ ಅರೆಯಲ್ಲಿದೆ. ಹಾಲು ತೆಗೆದಿಟ್ಟಿದ್ದೀನಿ. ಏನಾದ್ರೂ ಆದ್ರೆ ಫೋನ್ ಮಾಡು."

"ಆಯ್ತು."

ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಅರ್ಧಕ್ಕೆ ನಿಂತಿತು. ಮತ್ತೆ ಹತ್ತಿ ಬಂದಳು.

"ಏನೂ ಆಗ್ದಿದ್ರೂ ಮಾಡು" ಎಂದು ಹೇಳಿ ಹೋದಳು.

ಬೊಗಸೆ ಮಲಗಿತು. ಆವಿ ಬಂದು ನಮ್ಮಿಬ್ಬರ ಮೇಲೆ ಹಾಸಿತು. ನನಗೂ ಕಣ್ಣು ಎಳೆಯಿತು, ಬಿಡಲಿಲ್ಲ. ಹೊಳೆಯ ಆಚೆ ಯಾರೋ ಇದ್ದಂತಿತ್ತು. ಇರಲಿ ಎಂದು ಬಿಟ್ಟೆ. ಮಗುವಿನ ಅಂಗಿ ಎತ್ತಿ ಪಕ್ಕೆ ನೋಡಿದೆ. ನೀಲಿ ಹೋಗಿ ಹಳದಿಯಾಗಿ, ಹಳದಿಯೂ ಹೋಗುತ್ತಿದೆ. ನನ್ನ ಮುಂಗೈಯಲ್ಲಿಯೂ ಅಷ್ಟೇ.

ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಏನಾಯ್ತು?"

"ಏನೂ ಆಗಿಲ್ಲ."

ಆ ಕಡೆ ಗಾಜು ಅರೆಯುವ ಚಕ್ರದ ಸದ್ದು ತಗ್ಗುತ್ತಾ ಬಂದು ನಿಂತಿತು.

"ನಿಜವಾ, ಅಜ್ಜಿ?"

"ನಿಜ."

ಉಸಿರು ಬಿಟ್ಟಳು. "ಸೊಪ್ಪು ತಿಂದ್ಯಾ?"

"ಒಂದು ಬಟ್ಟಲು."

"ಸರಿ" ಎಂದಳು. ಫೋನು ಮಾತ್ರ ಇಡಲಿಲ್ಲ. ನಾನು ಅದನ್ನು ಮಗುವಿನ ಮೂಗಿನ ಹತ್ತಿರ ಹಿಡಿದೆ. ಅವಳು ಅಲ್ಲಿಂದ, ನಾನು ಇಲ್ಲಿಂದ, ಬೊಗಸೆ ಉಸಿರಾಡುವುದನ್ನು ಕೇಳುತ್ತಾ ಕೂತೆವು.